ಆನ್ನಾಕಾಳಿ ನುಂಗಿಕೊಂಡ ಹೆಸರು

ಅವಳು ಹುಟ್ಟಿದ ದಿನ ಮನೆಯಲ್ಲಿ ಯಾರೂ ಶಂಖ ಊದಲಿಲ್ಲ. ಮೊದಲೇ ಮೂರು ಹೆಣ್ಣು. ನಾಲ್ಕನೆಯದೂ ಹೆಣ್ಣೆಂದು ಸೂಲಗಿತ್ತಿ ಹೇಳಿದಾಗ ಅಪ್ಪ ಅಂಗಳದಲ್ಲೇ ನಿಂತು ಕಾಳಿಗೆ ಕೈಮುಗಿದು, "ಇನ್ನು ಬೇಡ ತಾಯಿ" ಅಂದ. ಬಂಗಾಳಿಯ ಆ ಮೊರೆಯೇ, 'ಆರ್ ನಾ, ಕಾಳಿ', ಮಗುವಿನ ಹೆಸರಾಯಿತು: ಆನ್ನಾಕಾಳಿ. ನಮ್ಮ ಸಾಕಮ್ಮನಿಗೆ ಬಂಗಾಳದ ತಂಗಿ ಅನ್ನಿ. ಕಾಳಿಯ ಅಂಗಡಿಯಲ್ಲಿ ಆ ದಿನ ಗಿರಾಕಿಗಳು ಜಾಸ್ತಿ ಇದ್ದರೋ ಏನೋ, ಮೊರೆ ಅವಳಿಗೆ ಮುಟ್ಟಲಿಲ್ಲ. ಆಮೇಲೆ ಇನ್ನೂ ಎರಡು ಹೆಣ್ಣಾದವು. ಅಷ್ಟರಲ್ಲಿ ಅಪ್ಪನಿಗೆ ದೂರು ಹೇಳಿ ಸುಸ್ತಾಗಿದ್ದರಿಂದ ಅವಕ್ಕೆ ಚೆಂದದ ಹೆಸರು ಸಿಕ್ಕವು.

"ಬೇಡ" ಅನ್ನಿಸಿಕೊಂಡು ಬಂದವರು ಎರಡು ಥರ ಆಗುತ್ತಾರೆ. ಕೆಲವರು ಮೂಲೆ ಹಿಡಿಯುತ್ತಾರೆ, ಕೆಲವರು ಮನೆಯ ನಡುವೆ ಬಂದು ಕೂರುತ್ತಾರೆ. ಆನ್ನಾಕಾಳಿ ಎರಡನೆಯ ಸರಕು.

ಕಾಂಥಿ ಕಡಲ ಸೀಮೆಯ ಶೋಲಾಖಾಲಿಯಲ್ಲಿ ಖಾಟುವಾ ಮನೆಗೆ ಅವಳು ಕಿರಿಸೊಸೆಯಾಗಿ ಬಂದಳು. ಮನೆಯಲ್ಲಿ ಅಣ್ಣತಮ್ಮಂದಿರು ಇಬ್ಬರೇ. ತಮ್ಮ ಭೂದೇವ, ಅವಳ ಗಂಡ, ಕೀರ್ತನೆಗೆ ಮದ್ದಳೆ ಬಾರಿಸುವ ಮೆತ್ತನೆಯ ಮನುಷ್ಯ. ಅಣ್ಣ ರಾಜಬಲ್ಲಭ, ಸಂತೆಯಲ್ಲಿ ಉಪ್ಪಿನ ವ್ಯಾಪಾರಿ. ಹಡಗಿನಲ್ಲಿ ಬರುವ ಲಿವರ್‌ಪೂಲ್ ಉಪ್ಪನ್ನು ಆ ಸುತ್ತಿನಲ್ಲಿ ಮಾರುವವನು ಅವನೊಬ್ಬನೇ. ಮನೆಯಿಂದ ಒಂದು ಮೈಲಿ ನಡೆದರೆ ಸಮುದ್ರ. ಆದರೂ ಊರಿನವರು ವಿಲಾಯಿತಿಯ ಉಪ್ಪು ತಿನ್ನಬೇಕು. ಇದರಲ್ಲಿ ವಿಚಿತ್ರವಿದೆ ಎಂದು ರಾಜಬಲ್ಲಭನಿಗೆ ಯಾವತ್ತೂ ಅನ್ನಿಸಲಿಲ್ಲ. ಲಾಭ ಬರುವ ವಿಚಿತ್ರವನ್ನು ವ್ಯಾಪಾರಿ ಯಾಕೆ ಕೆದಕುತ್ತಾನೆ? ಅವನು ತಕ್ಕಡಿಯ ಮೇಲೆ ಹೆಬ್ಬೆರಳು ಇಡುತ್ತಿದ್ದ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಅವನು ಇಡುತ್ತಿರಲಿಲ್ಲ. ಹೆಬ್ಬೆರಳು ತಾನಾಗಿಯೇ ಬಂದು ಕೂರುತ್ತಿತ್ತು.

ಹೊಸ ಸೊಸೆ ಹೊಸ್ತಿಲು ದಾಟಿದ ಸಂಜೆಯೇ ಹಿರಿಸೊಸೆ, ಅಂದರೆ ರಾಜಬಲ್ಲಭನ ಹೆಂಡತಿ, ಅವಳನ್ನು ಅಡಿಗೆಮನೆಗೆ ಕರೆದು ಪಾಠ ಹೇಳಿದಳು.

"ಗಂಡನ ಹೆಸರು ಹೇಳಬಾರದು, ಅದು ಗೊತ್ತೇ ಇದೆ. ಭಾವನ ಹೆಸರು ಅದಕ್ಕಿಂತ ಕಟ್ಟುನಿಟ್ಟು. ಅವರ ಮುಂದೆ ಬರಬಾರದು, ಅವರ ನೆರಳು ತುಳಿಯಬಾರದು, ಅವರ ಜೊತೆ ಮಾತಾಡಬಾರದು. ಬೊಡೊಠಾಕುರ ಅನ್ನಬೇಕು, ಅಷ್ಟೇ. ಹೆಸರು ನಾಲಿಗೆ ಮೇಲೆ ಬಂದರೆ ಅವರ ಆಯುಸ್ಸು ಸವೆಯುತ್ತೆ."

"ಹೆಸರಿನ ತುಂಡು ಬೇರೆ ಮಾತಿನೊಳಗೆ ಬಂದ್ರೆ, ದಿದಿ?"

"ತುಂಡಾದ್ರೂ ಅವರದೇ ತಾನೆ?"

ಆನ್ನಾಕಾಳಿ ಒಪ್ಪಿಕೊಂಡಳು, ಒಪ್ಪಿದ್ದನ್ನು ಚಾಚೂ ತಪ್ಪದೆ ನಡೆಸಿದಳು. ತೊಂದರೆ ಏನೆಂದರೆ, 'ರಾಜ' ಅನ್ನುವ ಎರಡಕ್ಷರ ಎಲ್ಲೆಲ್ಲಿ ಅಡಗಿರುತ್ತದೆ ಎಂದು ಯಾರೂ ಎಣಿಸಿ ನೋಡಿರಲಿಲ್ಲ. ಕೊಳದ ರಾಜಹಂಸ ಅವಳ ಬಾಯಲ್ಲಿ ಬೊಡೊಠಾಕುರ ಹಂಸವಾಯಿತು. ಗೋಡೆ ಕಟ್ಟುವ ರಾಜಮಿಸ್ತ್ರಿ ಬೊಡೊಠಾಕುರ ಮಿಸ್ತ್ರಿಯಾದ. ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಕಥೆ ಶುರುಮಾಡಿದರೆ, "ಒಂದಾನೊಂದು ಊರಿನಲ್ಲಿ ಒಬ್ಬ ಬೊಡೊಠಾಕುರ. ಅವನಿಗೆ ಏಳು ಜನ ರಾಣಿಯರು." ಹೊರಜಗಲಿಯಲ್ಲಿ ಹುಕ್ಕಾ ಸೇದುತ್ತಿದ್ದ ರಾಜಬಲ್ಲಭನಿಗೆ ಕೆಮ್ಮು ಹತ್ತಿತು. ಹಿರಿಸೊಸೆ ಆ ಸಂಜೆ ಅವನಿಗೆ ಮೀನಿನ ತಲೆ ಬಡಿಸಲಿಲ್ಲ.

ಭಾವನಿಗೂ ಅವಳಿಗೂ ಮಾತಾಡುವ ಅಗತ್ಯ ಬಿದ್ದರೆ ನಡುವೆ ಬೆಕ್ಕು ಇತ್ತು. ಹೆಸರು ಮೇನಿ. ಕಿರಿಸೊಸೆಯನ್ನು ಅವನು ಛೋಟೊಬೌ ಅನ್ನುತ್ತಿದ್ದ. ಅವನು ಜಗಲಿಯಿಂದ, "ಮೇನಿ, ಛೋಟೊಬೌಗೆ ಹೇಳು, ಇವತ್ತು ಸಾರಿಗೆ ಉಪ್ಪು ಜಾಸ್ತಿ" ಅನ್ನುವನು. ಅವಳು ಬಾಗಿಲ ಮರೆಯಿಂದ, "ಮೇನಿ, ಹೇಳು, ಉಪ್ಪು ಅವರ ಅಂಗಡೀದೇ, ತೂಕ ಜಾಸ್ತಿ ಬಂದಿದೆ ಅಂದ್ರೆ ನಂಬೋಕಾಗಲ್ಲ" ಅನ್ನುವಳು. ಬೆಕ್ಕು ಎರಡೂ ಕಡೆಯ ಮಾತು ಕೇಳಿ ಮೈ ನೆಕ್ಕಿಕೊಳ್ಳುವುದು. ಆ ಮನೆಯ ಅರ್ಧ ವ್ಯವಹಾರ ಅದರ ಎದುರೇ ತೀರ್ಮಾನವಾಗುತ್ತಿತ್ತು, ಊರಿಗೂ ಅದು ಗೊತ್ತಿತ್ತು.

ಅಂಗಳದ ಪೂರ್ವಕ್ಕೆ ಭತ್ತ ಕುಟ್ಟುವ ಗುಡಿಸಲು. ಕಾಲಿನಿಂದ ತುಳಿಯುವ ಢೆಂಕಿ ಅದರೊಳಗೆ ಇದ್ದದ್ದರಿಂದ ಢೆಂಕಿಮನೆ ಅನ್ನುತ್ತಿದ್ದರು. ಕುಂಬಾರ ಕೇರಿಯ ಭಾಮಿನಿ ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಅತ್ತೆಮನೆಯವರು ಹೊರಗೆ ಹಾಕಿ, ತವರಿನವರು ಒಳಗೆ ಕರೆಯದೆ, ಒಂದು ಮಧ್ಯಾಹ್ನ ಬಂದು ಆ ಗುಡಿಸಲಿನಲ್ಲಿ ಕೂತಳು. ಆನ್ನಾಕಾಳಿ ಏನೂ ಕೇಳಲಿಲ್ಲ. ಒಂದು ಬಟ್ಟಲು ತಂಗಳನ್ನ, ಒಂದು ಹಸಿಮೆಣಸಿನಕಾಯಿ ಇಟ್ಟಳು. ಮಾರನೆಯ ದಿನ ಒಂದು ಚರಕ ಇಟ್ಟಳು. ಚರಕದ ಸದ್ದಿಗೆ ಇನ್ನೊಬ್ಬಳು ಬಂದಳು, ಅವಳನ್ನು ಹುಡುಕಿಕೊಂಡು ಮತ್ತೊಬ್ಬಳು. ಗಂಡ ಕಲಿಸಿದ ನಾಲ್ಕಕ್ಷರವನ್ನು ಆನ್ನಾಕಾಳಿ ಅವರಿಗೆ ಕಲಿಸತೊಡಗಿದಳು. ಹಲಗೆ ಬಳಪ ಎಲ್ಲಿಂದ ತರುವುದು? ನೆಲದ ಮೇಲೆ ತೌಡು ಹರಡಿ ಬೆರಳಿನಿಂದ ಬರೆಯುವುದು. ತಪ್ಪಾದರೆ ಊದಿದರಾಯಿತು. ಸಂಜೆಗೆ ಆ ತೌಡು ದನಕ್ಕೆ. "ನಮ್ಮೂರಲ್ಲಿ ಮೊದಲು ವಿದ್ಯೆ ತಿಂದದ್ದು ಖಾಟುವಾ ಮನೆಯ ಹಸು" ಎಂದು ಭೂದೇವ ನಗುತ್ತಿದ್ದ.

ಆ ವರ್ಷದ ಚೈತ್ರ ಮುಗಿಯುವ ಹೊತ್ತಿಗೆ ಉಪ್ಪಿನ ಗಲಾಟೆ ಶುರುವಾಯಿತು. ಗಾಂಧಿ ಮಹಾರಾಜರು ಎಲ್ಲೋ ಪಶ್ಚಿಮದ ಕಡಲಲ್ಲಿ ಒಂದು ಹಿಡಿ ಉಪ್ಪು ಎತ್ತಿದರಂತೆ, ನಾವೂ ಎತ್ತಬೇಕಂತೆ. ಶೋಲಾಖಾಲಿಯವರಿಗೆ ಅದೇನು ಹೊಸ ವಿದ್ಯೆ? ಮುತ್ತಜ್ಜಂದಿರು ಮಾಡಿದ್ದೇ ಅದು. ಅಳಿವೆಯ ಉಪ್ಪುಮಣ್ಣು ಕೆರೆದು, ನೀರು ಸೋಸಿ, ಮಡಕೆಯಲ್ಲಿ ಕುದಿಸಿದರು. ಮೊದಲ ದಿನವೇ ಭೂದೇವ ಮದ್ದಳೆಯಂತೆ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಲ್ಲೇ ಸಿಕ್ಕಿಬಿದ್ದು ಜೈಲಿಗೆ ಹೋದ. ಗಂಡಸರು ಒಬ್ಬೊಬ್ಬರಾಗಿ ಹೋದ ಮೇಲೆ ಮಡಕೆಗಳ ಮುಂದೆ ಹೆಂಗಸರು ಬಂದು ಕೂತರು. ಅವರ ಮುಂದೆ ಆನ್ನಾಕಾಳಿ.

ಮೆರವಣಿಗೆ ಅಂದರೆ ಘೋಷಣೆ ಬೇಕು. ಪಟ್ಟಣದಿಂದ ಬಂದ ಸ್ವಯಂಸೇವಕ ಹೇಳಿಕೊಟ್ಟ: "ನಮಗೆ ಸ್ವರಾಜ್ ಬೇಕು!"

ಆನ್ನಾಕಾಳಿ ಬಾಯಿ ತೆರೆದಳು, ಮುಚ್ಚಿದಳು. ಹಿಂದೆ ನಿಂತ ಸೊಸೆಯರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಕೇರಿಯ ಕಿರಿಸೊಸೆಯರಿಗೆಲ್ಲ ವರಸೆಯಲ್ಲಿ ರಾಜಬಲ್ಲಭ ಭಾವನೇ. ದೇಶ ದೊಡ್ಡದು ನಿಜ. ಹಾಗೆಂದು ದಾರಿಯ ನಡುವೆ ನಿಂತು ಭಾವನ ಆಯುಸ್ಸು ಸವೆಸುವುದೇ?

ಆನ್ನಾಕಾಳಿ ಒಂದು ಗಳಿಗೆ ಯೋಚಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು: "ನಮಗೆ ಸ್ವ-ಬೊಡೊಠಾಕುರ ಬೇಕು!"

"ಬೇಕು! ಬೇಕು!" ಎಂದು ಹೆಂಗಸರು ಸಮಾಧಾನದಿಂದ ಕೂಗಿದರು.

ಸ್ವಯಂಸೇವಕ ತಲೆ ಕೆರೆದುಕೊಂಡ. ಅಷ್ಟಕ್ಕೇ ಮುಗಿಯಲಿಲ್ಲ. ಗಾಂಧಿ ಮಹಾರಾಜರು ಗಾಂಧಿ ಮಹಾ-ಬೊಡೊಠಾಕುರರಾದರು. "ಇಂಗ್ಲಿಷ್ ರಾಜ್ ತೊಲಗಲಿ" ಅನ್ನುವುದನ್ನು ಮಾತ್ರ ಆನ್ನಾಕಾಳಿ ಸುತರಾಂ ಒಪ್ಪಲಿಲ್ಲ.

"ಬೊಡೊಠಾಕುರ ತೊಲಗಲಿ ಅಂತ ಬೀದೀಲಿ ನಿಂತು ಹೇಗಪ್ಪಾ ಕೂಗೋದು? ಅದು ಮನಸ್ಸಲ್ಲೇ ಹೇಳ್ಕೊಳ್ಳೋ ಮಾತು."

ಆ ಘೋಷಣೆ ಬರುವ ಜಾಗದಲ್ಲಿ ಹೆಂಗಸರು ನಾಲಿಗೆ ಆಡಿಸಿ ಮದುವೆ ಮನೆಯಲ್ಲಿ ಮಾಡುವ ಹಾಗೆ ಉಲು ಮಾಡಿದರು.

ತನ್ನ ಉಪ್ಪನ್ನು ಯಾರೂ ಮುಟ್ಟದಿದ್ದ ಆ ದಿನಗಳಲ್ಲಿ ರಾಜಬಲ್ಲಭನಿಗೆ ಉಳಿದಿದ್ದ ಒಂದೇ ಆಸೆ ಸರ್ಕಾರ ಕೊಡುವ ರಾಯಸಾಹೇಬ ಬಿರುದು. ಪೊಲೀಸಿನ ಸಾಹೇಬ ಮುಂದಿನ ಸಂತೆಯ ದಿನ ಊರಿಗೆ ಬರುತ್ತಾನೆಂದು ತಿಳಿದಾಗ ಅವನು ಮನೆ ಗುಡಿಸಿಸಿದ, ಹುಕ್ಕಾ ತಿಕ್ಕಿಸಿದ, ಆಮೇಲೆ ಪೂರ್ವದ ಕಡೆ ನೋಡಿದ. ಢೆಂಕಿಮನೆಯಿಂದ ಚರಕದ ಸದ್ದು ಬರುತ್ತಿತ್ತು.

"ಮೇನಿ," ಅಂದ. "ಛೋಟೊಬೌಗೆ ಹೇಳು. ಸಾಹೇಬರು ಬರೋದರೊಳಗೆ ಢೆಂಕಿಮನೆ ಖಾಲಿ ಆಗಬೇಕು. ಅಲ್ಲಿ ಉಪ್ಪಿನ ಚೀಲ ಇಡಬೇಕಾಗಿದೆ. ಮಾರಾಟ ಆಗದ ಚೀಲ ಎಷ್ಟಿದೆ ಅಂತ ಅವಳಿಗೆ ಗೊತ್ತೇ ಇದೆ, ಆ ಪುಣ್ಯದ ಕೆಲಸ ಅವಳದೇ."

"ಮೇನಿ, ಕೇಳು. ಭಾಮಿನಿ ಎಲ್ಲಿಗೆ ಹೋಗಬೇಕಂತೆ?"

"ಅವಳನ್ನ ನಾನೇನು ಕರೆದಿದ್ನಾ, ಮೇನಿ? ಬಂದ ದಾರಿ ಇನ್ನೂ ಅಲ್ಲೇ ಇದೆ."

"ಆ ದಾರಿಯ ಕೊನೇಲಿ ಕೊಳ ಇದೆ, ಮೇನಿ. ಅದೂ ಹೇಳು."

ರಾಜಬಲ್ಲಭ ಹುಕ್ಕಾ ಬದಿಗಿಟ್ಟು ಎದ್ದುಹೋದ. ಆನ್ನಾಕಾಳಿ ಬಾಗಿಲ ಮರೆಯಲ್ಲೇ ನಿಂತಿದ್ದಳು. ಗಂಡ ಜೈಲಿನಲ್ಲಿ, ಮನೆ ಭಾವನದು, ಗುಡಿಸಲೂ ಭಾವನದೇ. ಲಾಠಿಯ ಮುಂದೆ ಕೂತಾಗ ಬಾರದಿದ್ದ ಭಯ ಆಗ ಬಂತು. ಪೊಲೀಸರು ಮಡಕೆ ಒಡೆದರೆ ಭಾಮಿನಿ ಇನ್ನೊಂದು ಮಡಕೆ ಮಾಡುತ್ತಾಳೆ, ಕುಂಬಾರರ ಮಗಳು. ಭಾಮಿನಿಯೇ ಹೋದರೆ ಇನ್ನೊಬ್ಬಳನ್ನು ಮಾಡುವವರು ಯಾರು?

ಈಗ ಸಾಹೇಬನ ಮಾತು. ಹೊಸಬ, ವಯಸ್ಸು ಚಿಕ್ಕದು, ಮುನ್ಷಿಯ ಹತ್ತಿರ ಬಂಗಾಳಿ ಕಲಿತು ಬಹುಮಾನ ಗೆದ್ದವನು. ಗೂಢಚಾರ ಬಂದು, ಹೆಂಗಸರು ಹೀಗೆ ಹೀಗೆ ಕೂಗುತ್ತಾರೆ ಎಂದಾಗ ಅವನ ಕಣ್ಣು ಹೊಳೆಯಿತು. 'ಸ್ವ' ಅಂದರೆ ನಮ್ಮದೇ. 'ಬೊಡೊ' ಅಂದರೆ ದೊಡ್ಡ. 'ಠಾಕುರ' ಅಂದರೆ ದೇವರು, ಇಲ್ಲವೇ ಒಡೆಯ. ನಮ್ಮದೇ ದೊಡ್ಡ ಒಡೆಯ! ಅಂದರೆ ಈ ಗಲಾಟೆಯ ಹಿಂದೆ ಒಬ್ಬ ಗುಪ್ತ ನಾಯಕನಿದ್ದಾನೆ. ಅವನ ಮೇಲೆ ಇನ್ನೊಬ್ಬ ಮಹಾನಾಯಕ. ಪಕ್ಕದಲ್ಲಿ ನಿಂತಿದ್ದ ಪೊಲೀಸ್ ದಾರೋಗಾ ನಿಬಾರಣಬಾಬುವಿಗೆ ಬೊಡೊಠಾಕುರ ಅಂದರೇನೆಂದು ಗೊತ್ತಿಲ್ಲದೆ ಏನು? ಅವನ ಹೆಂಡತಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಆದರೆ ಪಿಂಚಣಿ ಹತ್ತಿರ ಬಂದಾಗ ಸಾಹೇಬರ ಬಂಗಾಳಿಯನ್ನು ತಿದ್ದುವ ಹುಚ್ಚು ಯಾರಿಗೂ ಇರುವುದಿಲ್ಲ. "ಅದ್ಭುತ, ಹುಜೂರ್" ಅಂದ.

ಸಂತೆಯ ಬೆಳಿಗ್ಗೆ ಹಿರಿಸೊಸೆ ಗಂಧರಾಜ ಹೂವಿನ ಮಾಲೆ ಕಟ್ಟಿದಳು. ಯಾವ ಹೂ ತಂದಿದ್ದಾರೆಂದು ಭಾಮಿನಿ ಕೇಳಿದಾಗ ಆನ್ನಾಕಾಳಿ, "ಗಂಧ-ಬೊಡೊಠಾಕುರ" ಅಂದು ಅಷ್ಟು ಸಂಕಟದಲ್ಲೂ ತಾನೇ ನಕ್ಕುಬಿಟ್ಟಳು. ಆಮೇಲೆ ಇಬ್ಬರೂ ಉಳಿದ ಹೆಂಗಸರ ಜೊತೆ ಊರ ಬಾಗಿಲಿಗೆ ಹೋಗಿ ದಾರಿಗೆ ಅಡ್ಡ ಕೂತರು.

ಸಾಹೇಬ ಕುದುರೆ ಇಳಿದು ಮುಸುಕು ಹಾಕಿದ ಆ ಸಾಲಿನ ಮುಂದೆ ನಿಂತ. ಮುನ್ಷಿಯನ್ನು ನೆನೆದು ಕೇಳಿದ: "ಹೇ ಮಹಿಳೆಯರೇ! ಶ್ರೀಯುತ ಬೊಡೊಠಾಕುರ ಮಹಾಶಯರು ಯಾವ ಗೃಹದಲ್ಲಿ ವಾಸವಾಗಿರುವರು?"

ಆನ್ನಾಕಾಳಿಗೆ ಆಶ್ಚರ್ಯವಾಯಿತು. ಗೋರಾ ಸಾಹೇಬ, ಆದರೂ ಎಂಥಾ ಸಂಸ್ಕಾರ! ಭಾವನ ಹೆಸರು ಹೇಳದೆ ವಿಚಾರಿಸುತ್ತಿದ್ದಾನೆ. ಬಿರುದು ಕೊಡಲು ಬಂದಿರಬೇಕು ಎಂದುಕೊಂಡು ಮುಸುಕಿನೊಳಗಿನಿಂದಲೇ ಹಂಚಿನ ಮನೆಯ ಕಡೆ ಗದ್ದ ಎತ್ತಿ ತೋರಿಸಿದಳು. ಸಾಲಿನಲ್ಲಿದ್ದ ಎಲ್ಲ ಮುಸುಕುಗಳೂ ಅದೇ ಕಡೆಗೆ ತಿರುಗಿದವು.

ರಾಜಬಲ್ಲಭ ಮಾಲೆ ಹಿಡಿದು ಮೆಟ್ಟಿಲಲ್ಲೇ ಕಾಯುತ್ತಿದ್ದ.

"ನೀವೇ ಏನು ಬೊಡೊಠಾಕುರ?" ಅಂದ ಸಾಹೇಬ.

"ಹೌದು ಹುಜೂರ್," ಅಂದ ರಾಜಬಲ್ಲಭ ಹಲ್ಲುಕಿರಿದು. "ಈ ಮನೆಗೂ ನಾನೇ, ಈ ಕೇರಿಗೂ ನಾನೇ. ಎಲ್ಲ ಹುಜೂರರ ದಯೆ."

ಮಾಲೆ ಹಿಡಿದಿದ್ದ ಕೈಗೇ ಕೋಳ ಬಿತ್ತು.

ಪೊಲೀಸ್ ಥಾಣೆಯಲ್ಲಿ ಅವನು ಬಿಡಿಸಿ ಹೇಳಿದಷ್ಟೂ ಗಂಟು ಬಿಗಿಯಾಯಿತು. "ಹುಜೂರ್, ಅದು ನನ್ನ ಹೆಸರನ್ನ ತಪ್ಪಿಸೋಕೆ ಅನ್ನೋ ಮಾತು. ನನ್ನ ಹೆಸರು ರಾಜಬಲ್ಲಭ. ಅವರು ಸ್ವರಾಜ್ ಅನ್ನೋ ಕಡೆ ರಾಜ್ ಬಿಟ್ಟು..."

"ಅಂದರೆ ಸ್ವರಾಜ್ಯದ ರಾಜ ನೀನೇ ಎಂದು ಒಪ್ಪುತ್ತೀಯೆ!" ಅಂದ ಸಾಹೇಬ. ರಾಜಬಲ್ಲಭನಿಗೆ ಜೀವಮಾನದಲ್ಲಿ ಮೊದಲ ಸಲ ತನ್ನ ಮಾತು ತೂಕದಲ್ಲಿ ಕಡಿಮೆ ಬಂತು. ಇದು ನಿಜವಾದರೆ ಆ ಹೆಂಗಸರಲ್ಲಿ ಒಬ್ಬಳಾದರೂ ಬಂದು ಬಾಯಿಬಿಟ್ಟು ಹೇಳಲಿ, ಇಲ್ಲವಾದರೆ ನಾಳೆ ಮೇದಿನೀಪುರದ ಜೈಲು ಎಂದು ಸಾಹೇಬ ತೀರ್ಮಾನ ಕೊಟ್ಟ.

ಹಿರಿಸೊಸೆ ಅಳುತ್ತ ಢೆಂಕಿಮನೆಗೆ ಓಡಿಬಂದಳು. "ಕಾಳಿ, ನೀನೇ ಬರಬೇಕು ಕಣೇ. ಅವರ ಹೆಸರು ಒಂದು ಸಲ ಹೇಳಿಬಿಡು."

"ದಿದಿ! ನೀವೇ ತಾನೆ ಆಯುಸ್ಸು ಸವೆಯುತ್ತೆ ಅಂದವರು?"

"ಅವರಿಗೆ ಜೈಲಿನ ಅನ್ನ ಹಾಕಿದ್ರೆ ಅದಕ್ಕಿಂತ ಬೇಗ ಸವೆಯುತ್ತೆ!"

ಆನ್ನಾಕಾಳಿಗೆ ನಿಜವಾಗಿಯೂ ಭಯವಿತ್ತು. ಹೆಸರಿನ ಭಯ ಒಂದು. ಇನ್ನೊಂದು, ಬಾಯಿಬಿಟ್ಟರೆ ಅವಳು ಕೂಗಿದ್ದು ಸ್ವರಾಜ್ ಎಂದು ಅವಳೇ ಒಪ್ಪಿಕೊಂಡ ಹಾಗೆ. ಭಾವ ಹೊರಗೆ ಬಂದರೆ ಆ ಜಾಗಕ್ಕೆ ಅವಳು. ಅವಳು ಒಳಗೆ ಹೋದರೆ ಮರುದಿನವೇ ಭಾಮಿನಿ ಹೊರಗೆ. ದಾರಿಯುದ್ದಕ್ಕೂ ಈ ಲೆಕ್ಕವನ್ನೇ ಹಿಂದುಮುಂದು ಮಾಡುತ್ತ ನಡೆದಳು. ಥಾಣೆ ಮುಟ್ಟುವಷ್ಟರಲ್ಲಿ ಅವಳೊಳಗಿನ ಖಾಟುವಾ ಮನೆಯ ಸೊಸೆ ಎಚ್ಚರವಾಗಿದ್ದಳು. ಅಷ್ಟು ವರ್ಷ ವ್ಯಾಪಾರಿಯ ಉಪ್ಪು ತಿಂದದ್ದು ಸುಮ್ಮನೆ ಹೋಗುತ್ತದೆಯೆ?

ಕಂಬಿಯ ಆಚೆ ರಾಜಬಲ್ಲಭ, ಈಚೆ ಮುಸುಕು ಎಳೆದುಕೊಂಡು ಗೋಡೆಯ ಕಡೆ ಮುಖಮಾಡಿ ನಿಂತ ಆನ್ನಾಕಾಳಿ. ಮೇಜಿನ ಹಿಂದೆ ಸಾಹೇಬ, ಮೇಜಿನ ಮೇಲೆ ಜಪ್ತಿಮಾಡಿದ ಒಂದು ಮಡಕೆ ಉಪ್ಪು. ರಾಜಬಲ್ಲಭ ಅಭ್ಯಾಸಬಲದಿಂದ ಸುತ್ತ ನೋಡಿದ. ಥಾಣೆಯಲ್ಲಿ ಬೆಕ್ಕಿರಲಿಲ್ಲ. ಕಣ್ಣು ದಾರೋಗಾನ ಮೇಲೆ ನಿಂತಿತು.

"ನಿಬಾರಣಬಾಬು, ಛೋಟೊಬೌಗೆ ಹೇಳಿ, ನನ್ನ ಹೆಸರು ಸಾಹೇಬರ ಮುಂದೆ ಹೇಳಲಿ ಅಂತ."

"ಹೇಳು ಅಂತಿದ್ದಾರೆ ಕಣಮ್ಮ," ಅಂದ ದಾರೋಗಾ.

"ದಾರೋಗಾಬಾಬು, ಅವರಿಗೆ ಹೇಳಿ, ನನಗೆ ಪಾಪ ಬರುತ್ತೆ. ಅವರ ಆಯುಸ್ಸು ಸವೆಯುತ್ತೆ."

"ಪಾಪ ಬರುತ್ತಂತೆ, ಖಾಟುವಾ ಮಹಾಶಯ."

"ಸವೀಲಿ! ನನ್ನ ಆಯುಸ್ಸು ನಾನು ನೋಡ್ಕೋತೀನಿ ಅಂತ ಹೇಳಿ!"

"ಅವರ ಆಯುಸ್ಸು ಅವರು ನೋಡ್ಕೋತಾರಂತೆ."

"ಹಾಗಾದ್ರೆ ಭಾಮಿನಿ ಆಯುಸ್ಸು ಯಾರು ನೋಡ್ಕೋತಾರೆ, ಕೇಳಿ. ಢೆಂಕಿಮನೆ ಅವಳಿಗೂ ನಮ್ಮ ಹೆಂಗಸರಿಗೂ ಬಿಡ್ತಾರಾ ಅಂತ ಕೇಳಿ. ಒಂದು ವರ್ಷಕ್ಕಲ್ಲ. ಯಾವತ್ತಿಗೂ."

ದಾರೋಗಾ ಕಂಬಿಯ ಕಡೆ ತಿರುಗಿದ. ರಾಜಬಲ್ಲಭ ಆಗಲೇ ಬೆವರುತ್ತಿದ್ದ.

"ಮಳೆಗಾಲ ಮುಗಿಯೋವರೆಗೆ ಅನ್ನಿ."

"ಮಳೆಗಾಲದವರೆಗಂತೆ."

"ಹಾಗಾದ್ರೆ ಹೆಸರಲ್ಲೂ ಅರ್ಧ ಹೇಳ್ತೀನಿ ಅನ್ನಿ. 'ಬಲ್ಲಭ' ಹೇಳ್ತೀನಿ. ಅದರಿಂದ ಸಾಹೇಬರಿಗೆ ಪ್ರಯೋಜನ ಆದ್ರೆ ಆಗಲಿ."

ಸಾಹೇಬ ಮೂವರ ಮುಖವನ್ನೂ ಸರದಿಯಂತೆ ನೋಡುತ್ತಿದ್ದ. "ಇವರೇಕೆ ಪರಸ್ಪರ ಸಂಭಾಷಿಸುವುದಿಲ್ಲ?" ಅಂದ.

"ನಾನು ಬೆಕ್ಕು, ಹುಜೂರ್," ಅಂದ ದಾರೋಗಾ ಬೇಸತ್ತು. ಸಾಹೇಬನ ಮುನ್ಷಿ ಆ ವಾಕ್ಯ ಕಲಿಸಿರಲಿಲ್ಲ.

ರಾಜಬಲ್ಲಭ ಕಂಬಿಗೆ ಹಣೆ ಒತ್ತಿಕೊಂಡ. ಸರಕು ಒಂದೇ, ಅದು ಅವಳ ನಾಲಿಗೆಯ ಮೇಲಿದೆ. ಬೇರೆ ಅಂಗಡಿ ಇಲ್ಲ. ಇಂಥ ಪರಿಸ್ಥಿತಿಯಲ್ಲಿ ಅವನು ಎಷ್ಟೋ ಜನರನ್ನು ನಿಲ್ಲಿಸಿದ್ದ, ತಾನು ನಿಂತಿರಲಿಲ್ಲ. "ಆಯ್ತು. ಯಾವತ್ತಿಗೂ," ಅಂದ.

"ಪ್ರಮಾಣ ಮಾಡ್ಲಿ."

ಗಂಗಾಜಲವಿರಲಿಲ್ಲ, ತುಳಸಿ ಇರಲಿಲ್ಲ. ದಾರೋಗಾ ಆಚೀಚೆ ನೋಡಿ ಮೇಜಿನ ಮೇಲಿದ್ದ ಮಡಕೆಯನ್ನೇ ಎತ್ತಿ ಕಂಬಿಗೆ ಹಿಡಿದ. ಹೀಗೆ ಲಿವರ್‌ಪೂಲ್ ಉಪ್ಪಿನ ವ್ಯಾಪಾರಿ ರಾಜಬಲ್ಲಭ ಖಾಟುವಾ ಕಾನೂನು ಮೀರಿ ಬೇಯಿಸಿದ ಊರಿನ ಉಪ್ಪಿನೊಳಗೆ ಕೈಯಿಟ್ಟು, ಢೆಂಕಿಮನೆ ಹೆಂಗಸರಿಗೆ ಬಿಟ್ಟೆ ಅಂದ. ಅಂದಮೇಲೆ ಬೆರಳು ನೆಕ್ಕಿದ. ವ್ಯಾಪಾರಿಯ ನಾಲಿಗೆ. "ಕಸ ಇದೆ," ಅಂದ. ಸ್ವಲ್ಪ ಬಿಟ್ಟು, "ಉಪ್ಪು ಮಾತ್ರ ಚೆನ್ನಾಗಿದೆ" ಅಂದ.

ಆನ್ನಾಕಾಳಿ ಕಣ್ಣುಮುಚ್ಚಿದಳು. ಮನಸ್ಸಿನಲ್ಲೇ ಕಾಳಿಯ ಕ್ಷಮೆ ಕೇಳಿದಳು. ಆಮೇಲೆ ಸಣ್ಣ ದನಿಯಲ್ಲಿ, ಬಿಸಿ ಅನ್ನ ಬಾಯಲ್ಲಿಟ್ಟುಕೊಂಡವರ ಹಾಗೆ, "ರಾಜ... ರಾಜಬಲ್ಲಭ" ಅಂದಳು. ಬೊಡೊಠಾಕುರ ಅಂದರೆ ಗಂಡನ ಅಣ್ಣ, ಇನ್ನೇನೂ ಅಲ್ಲ, ಹೆಸರು ಬರಬಾರದೆಂದು ಹಾಗೆ ಕೂಗಿದೆವು ಎಂದಳು.

ಎಲ್ಲರೂ ಮೇಲೆ ನೋಡಿದರು. ಛಾವಣಿ ಬೀಳಲಿಲ್ಲ. ರಾಜಬಲ್ಲಭ ಎದೆ ಮುಟ್ಟಿ ನೋಡಿಕೊಂಡ, ಬಡಿಯುತ್ತಿತ್ತು.

"ಹಾಗಾದರೆ ನೀವು ನಿಜವಾಗಿ ಕೂಗಲು ಬಯಸಿದ ಪದ ಯಾವುದು?" ಎಂದು ಸಾಹೇಬ ಕೇಳಿದ. ತುಂಬ ಮರ್ಯಾದೆಯಿಂದಲೇ ಕೇಳಿದ.

ದಾರೋಗಾ ಬೇಡ ಬೇಡ ಎಂದು ಕಣ್ಣು ಮಾಡಿದ. ಆದರೆ ಒಂದು ಸಲ ನಾಲಿಗೆಯ ಮೇಲೆ ಬಂದು ಹೋದ ಹೆಸರು. ಇನ್ನು ನುಂಗಿಕೊಂಡು ಏನು ಉಳಿಸಬೇಕು? ಢೆಂಕಿಮನೆ ಗಟ್ಟಿಯಾಗಿದೆ, ಭಾಮಿನಿಗೆ ಮಾಡು ಇದೆ. ಆನ್ನಾಕಾಳಿ ಮುಸುಕನ್ನು ಹಿಂದಕ್ಕೆ ಸರಿಸಿದಳು.

"ಸ್ವರಾಜ್!" ಎಂದು ಕೂಗಿದಳು. ಬಾಯಿಗೆ ಚೆನ್ನಾಗಿ ಕೂತಿತು. ಇನ್ನೊಂದು ಸಲ ಕೂಗಿದಳು. ಥಾಣೆಯ ಹೊರಗೆ ನಿಂತಿದ್ದ ಹೆಂಗಸರು ಗಾಬರಿಯಿಂದ ಒಬ್ಬರನ್ನೊಬ್ಬರು ಹಿಡಿದುಕೊಂಡರು: "ಅಯ್ಯೋ, ಹೇಳಿಬಿಟ್ಟಳಲ್ಲೇ!"

ಅದೇ ಕಂಬಿಯ ಹಿಂದಿನಿಂದ ರಾಜಬಲ್ಲಭ ಹೊರಗೆ ಬಂದ, ಆನ್ನಾಕಾಳಿ ಒಳಗೆ ಹೋದಳು. ಬಾಗಿಲಲ್ಲಿ ಅವನು ಗೋಡೆಗೆ ಅಂಟಿಕೊಂಡು, ತನ್ನ ನೆರಳು ಅವಳ ಕಾಲಿಗೆ ಸಿಗದಂತೆ ದಾರಿಬಿಟ್ಟ.

ಆರು ತಿಂಗಳು. ಜೈಲಿನಲ್ಲಿ ಅವಳು ಇನ್ನೂ ಹತ್ತಾರು ಹೆಂಗಸರಿಗೆ ಅಕ್ಷರ ಕಲಿಸಿದಳು. ಅಲ್ಲಿ ತೌಡು ಬೇಕಾದಷ್ಟು ಸಿಗುತ್ತಿತ್ತು, ಅನ್ನದೊಳಗೇ. ಅಲ್ಲಿದ್ದ ಒಬ್ಬ ಮುದುಕಿ ಸೂಲಗಿತ್ತಿಯಿಂದ ಹೆರಿಗೆ ಮಾಡಿಸುವುದನ್ನು ಕಲಿತು ಬಂದಳು. ಬಂದಾಗ ಭೂದೇವ ಬಿಡುಗಡೆಯಾಗಿ ಮನೆಯಲ್ಲಿದ್ದ, ಢೆಂಕಿಮನೆಯಲ್ಲಿ ಭಾಮಿನಿ ಇದ್ದಳು, ಹೊಸ ಹುಲ್ಲಿನ ಮಾಡೂ ಇತ್ತು. ಯಾರು ಹೊದಿಸಿದರೆಂದು ಕೇಳಿದ್ದಕ್ಕೆ ಜಗಲಿಯಿಂದ ದನಿ ಬಂತು: "ಮೇನಿ, ಹೇಳು, ಹುಲ್ಲು ಹಾಳಾಗಿ ಹೋಗ್ತಿತ್ತು, ಅದಕ್ಕೆ."

"ಮೇನಿ, ಬೊಡೊಠಾಕುರರಿಗೆ ಹೇಳು, ಬಹಳ ಸಂತೋಷ ಅಂತ." ಥಾಣೆಯಲ್ಲಿ ಆದದ್ದು ಥಾಣೆಗೆ. ಮನೆಯಲ್ಲಿ ಅವಳು ಮತ್ತೆ ಆ ಹೆಸರನ್ನು ನುಂಗಿಕೊಂಡೇ ಬದುಕಿದಳು. ಸುತ್ತಲ ಊರುಗಳಲ್ಲಿ ಅವಳ ಕೈಗೆ ಹುಟ್ಟಿ ಬಂದ ಮಕ್ಕಳು ಬೆಳೆದರು. ಹೆಣ್ಣು ಹುಟ್ಟಿದ ಮನೆಯಲ್ಲಿ ಯಾರೂ ಶಂಖ ಎತ್ತದಿದ್ದರೆ ಅವಳೇ ಊದುತ್ತಿದ್ದಳು. ಅದಕ್ಕೆಂದೇ ಶಂಖವನ್ನು ಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು.

ನಲವತ್ತೆರಡರ ದುರ್ಗಾಪೂಜೆಯ ದಿನಗಳಲ್ಲಿ ಸಮುದ್ರವೇ ಎದ್ದು ಊರೊಳಗೆ ಬಂತು. ಅದರ ಬಗ್ಗೆ ತಮಾಷೆಯ ಮಾತಿಲ್ಲ. ನೀರು ಇಳಿದ ಮೇಲೆ ಭೂದೇವ ಇರಲಿಲ್ಲ, ಅರ್ಧ ಊರು ಇರಲಿಲ್ಲ, ಢೆಂಕಿಮನೆಯ ಜಾಗದಲ್ಲಿ ಕೆಸರಿತ್ತು. ಹಂಚಿನ ಮನೆಯ ಜಗಲಿಯಲ್ಲಿ ಆನ್ನಾಕಾಳಿಯೂ ಭಾಮಿನಿಯೂ ಗಂಜಿ ಕಾಯಿಸಿ ಹಾಕುತ್ತಿದ್ದರು. ರಾಜಬಲ್ಲಭ ಆ ಕೆಸರನ್ನು ಬಹಳ ಹೊತ್ತು ನೋಡಿದ. ಪ್ರಮಾಣ ಮಾಡಿದ್ದು ಗುಡಿಸಲಿನ ಮೇಲೆ, ನೆಲದ ಮೇಲಲ್ಲ. ಗುಡಿಸಲು ಹೋಯಿತು, ಮಾತೂ ಹೋಯಿತು. ವ್ಯಾಪಾರದ ನ್ಯಾಯ ಅವನ ಕಡೆಗೇ ಇತ್ತು. ನೀರು ಒಣಗಿದ ಮೇಲೆ ಆನ್ನಾಕಾಳಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ಇಟ್ಟಿಗೆ ಇಳಿಯುತ್ತಿತ್ತು.

"ದಿದಿ, ಯಾರು ಬಂದಿರೋದು?"

"ಕಾಣಲ್ವೇನೇ? ಬೊಡೊಠಾಕುರ ಮಿಸ್ತ್ರಿ," ಅಂದಳು ಹಿರಿಸೊಸೆ. ಗಂಡನ ಹೆಸರನ್ನು ಅವಳೂ ಹೇಳುವಂತಿರಲಿಲ್ಲವಲ್ಲ, ಇಷ್ಟು ವರ್ಷದಲ್ಲಿ ಓರಗಿತ್ತಿಯ ಮಾತೇ ಅವಳಿಗೂ ಅಂಟಿತ್ತು.

ಮತ್ತೆ ಐದು ಮಳೆ ಕಳೆದು, ಸ್ವಾತಂತ್ರ್ಯ ಬಂದ ಬೆಳಿಗ್ಗೆ, ಆ ಇಟ್ಟಿಗೆಯ ಢೆಂಕಿಮನೆಯ ಮುಂದೆ ಬಾವುಟ ಏರಿತು. ರಾಜಬಲ್ಲಭ ಹಣ್ಣು ಮುದುಕ, ಕಣ್ಣು ಮಂಜು. ಕಾಲ ಬಳಿ ಮೊದಲ ಮೇನಿಯ ಮೊಮ್ಮಗಳ ಮೊಮ್ಮಗಳು. ಅದಕ್ಕೂ ಮೇನಿಯೆಂದೇ ಹೆಸರು.

"ಮೇನಿ," ಅಂದ. "ಊರೆಲ್ಲ ಸ್ವರಾಜ್ ಅಂತ ಕೂಗ್ತಿದೆ. ಛೋಟೊಬೌ ಬಾಯಿ ಮಾತ್ರ ಇನ್ನೂ ಬೊಡೊಠಾಕುರ ಅಂತಿದೆ. ಅವಳಿಗೆ ಹೇಳು, ಇವತ್ತೊಂದು ದಿನ ಪೂರ್ತಿ ಹೇಳಲಿ. ನನ್ನ ಆಯುಸ್ಸು ಸವೆಯೋದಾಗಿದ್ರೆ ಆವತ್ತೇ ಸವೀತಿತ್ತು."

ಬಾಗಿಲ ಮರೆಯಲ್ಲಿ ನರೆತ ತಲೆಯ ಆನ್ನಾಕಾಳಿ ಸೆರಗು ಸರಿಮಾಡಿಕೊಂಡಳು.

"ಮೇನಿ, ಹೇಳು. ಹೋದ ಸಲ ಅದನ್ನ ಹೇಳಿದ್ದಕ್ಕೆ ಅವರಿಗೆ ಒಂದು ಗುಡಿಸಲು ಹೋಯ್ತು, ನನಗೆ ಆರು ತಿಂಗಳು ಹೋಯ್ತು. ಈಗ ಧಾರಣೆ ಏರಿದೆ. ಸಂತೆ ಹತ್ತಿರದ ಉಪ್ಪಿನ ಕೋಠಿ ಖಾಲಿ ಬಿದ್ದಿದೆಯಲ್ಲ, ಬಸುರಿಯರು ಬಂದು ಮಲಗೋಕೆ ಜಾಗ ಇಲ್ಲ."

ಜಗಲಿಯಿಂದ ಹುಕ್ಕಾ ಕೆಮ್ಮಿನ ಜೊತೆ ನಗು ಬಂತು. "ಮೇನಿ, ಕೇಳು ಅವಳನ್ನ, ವ್ಯಾಪಾರ ಕಲಿಸಿದ ಗುರು ಯಾರು ಅಂತ."

"ಹೆಸರು ಹೇಳೋ ಹಾಗಿಲ್ಲ, ಮೇನಿ."

ಬೀಗದಕೈ ನೆಲದ ಮೇಲೆ ಜಾರಿಕೊಂಡು ಬಂತು. ಬೆಕ್ಕು ಅದನ್ನು ಮೂಸಿ, ಅದರ ಮೇಲೇ ಕೂತಿತು. ಆನ್ನಾಕಾಳಿ ಬೆಕ್ಕನ್ನು ಎತ್ತಿ ಪಕ್ಕಕ್ಕಿಟ್ಟು ಬೀಗದಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಗಂಟು ಗಟ್ಟಿಯಾಗಿದೆಯೆ ಎಂದು ಎಳೆದು ನೋಡಿದಳು. ಆಮೇಲೆ ಬಾಗಿಲು ದಾಟಿ ಅಂಗಳಕ್ಕೆ ಬಂದು, ಬಾವುಟದ ಕೆಳಗೆ ನಿಂತು, ಇಡೀ ಕೇರಿಗೆ ಕೇಳುವ ಹಾಗೆ ಆ ಮಾತನ್ನು ಒಂದಕ್ಷರವೂ ನುಂಗದೆ ಕೂಗಿದಳು. ಜಗಲಿಯ ಮುದುಕ ತನ್ನನ್ನೇ ಕರೆದರೇನೋ ಅನ್ನುವಂತೆ "ಹೂಂ" ಅಂದ.